ಬಡ ಮಗುವಿನ ಓದಿಗೆ ಬುದ್ಧಿಯೊಂದೇ ಸಾಲದು

‘ಡಾಕ್ಟ್ರೇ, ಇವನಿಗೆ ತಲೆ ಇಲ್ಲ ಅನ್ನೋ ಹಾಗಿಲ್ಲ. ಅಂಗಡಿಗೆ ಕಳಿಸಿದರೆ ಐದಾರು ಸಾಮಾನು ನೆನಪಿಟ್ಟುಕೊಂಡು ತರ್ತಾನೆ. ಚಿಲ್ಲರೆ ಲೆಕ್ಕ ಒಂದು ರೂಪಾಯಿ ತಪ್ಪಲ್ಲ. ತಂಗೀನ ನನಗಿಂತ ಚೆನ್ನಾಗಿ ನೋಡ್ಕೋತಾನೆ. ಪುಸ್ತಕ ಹಿಡಿದರೆ ಮಾತ್ರ ಹತ್ತು ನಿಮಿಷ ಕೂರಲ್ಲ. ಬೈದರೆ ಪುಸ್ತಕ ಬಿಸಾಕಿ ಎದ್ದು ಹೋಗ್ತಾನೆ. ತಲೆ ಚುರುಕಾಗೋಕೆ ಒಂದು ಟಾನಿಕ್ ಬರೆದುಕೊಡಿ.’

ಕೂಲಿನಾಲಿ ಮಾಡಿ, ನಾಲ್ಕು ಮನೆಯ ಪಾತ್ರೆ ತೊಳೆದು ಮಕ್ಕಳನ್ನು ಓದಿಸುವ ತಾಯಂದಿರಿಂದ ವೈದ್ಯರು ಆಗಾಗ ಕೇಳುವ ಮಾತು ಇದು. ನಿಮ್ಮ ಮನೆಯಲ್ಲಿ ಅಲ್ಲದಿದ್ದರೆ ನಿಮ್ಮ ಬೀದಿಯಲ್ಲಿ, ನಿಮ್ಮ ತರಗತಿಯಲ್ಲಿ ಇಂಥ ಮಗು ಇದ್ದೇ ಇರುತ್ತದೆ. ತಲೆ ಚುರುಕು ಮಾಡುವ ಟಾನಿಕ್ ಯಾವ ಔಷಧದಂಗಡಿಯಲ್ಲೂ ಸಿಗುವುದಿಲ್ಲ. ಆದರೆ ಈ ತಾಯಿಯ ಮಾತಿನಲ್ಲೇ ಮುಖ್ಯವಾದ ಸತ್ಯವೊಂದು ಅಡಗಿದೆ. ಹುಡುಗನಿಗೆ ಬುದ್ಧಿ ಇದೆ, ಓದು ಮಾತ್ರ ಹತ್ತುತ್ತಿಲ್ಲ.

2025ರಲ್ಲಿ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡಫ್ಲೋ ಮತ್ತು ಅವರ ಸಂಗಡಿಗರು ಪ್ರಕಟಿಸಿದ ಅಧ್ಯಯನ ಇದನ್ನೇ ತೋರಿಸಿತು. ಕೋಲ್ಕತ್ತ ಮತ್ತು ದೆಹಲಿಯ ಮಾರುಕಟ್ಟೆಗಳಲ್ಲಿ ತರಕಾರಿ ಮುಂತಾದವನ್ನು ಮಾರುವ ಮಕ್ಕಳು ತೂಕ, ದರ, ಚಿಲ್ಲರೆ ಎಲ್ಲವನ್ನೂ ಬಾಯಲ್ಲೇ ಲೆಕ್ಕ ಹಾಕಿ ಸರಿಯಾಗಿ ಹೇಳುತ್ತಿದ್ದರು. ಅಂಥದೇ ಲೆಕ್ಕವನ್ನು ಶಾಲೆಯ ರೀತಿಯಲ್ಲಿ ಕಾಗದದ ಮೇಲೆ ಕೊಟ್ಟಾಗ ಬಹಳಷ್ಟು ಮಂದಿ ತಡವರಿಸಿದರು. ಇಂಥ ಮಕ್ಕಳನ್ನು ದಡ್ಡರೆಂದು ಕರೆಯುವುದು ಹೇಗೆ?

ಹಾಗಾದರೆ ಕೊರತೆ ಎಲ್ಲಿದೆ? ಕಲಿಸುವ ವಿಧಾನದಲ್ಲಿ ಖಂಡಿತ ಇದೆ. ಜೊತೆಗೆ, ಶಾಲೆಯ ಓದಿಗೆ ಬುದ್ಧಿಯಷ್ಟೇ ಅಗತ್ಯವಾದ ಇನ್ನೂ ಕೆಲವು ಗುಣಗಳಿವೆ. ಈ ವಾರ ಅವುಗಳ ಬಗ್ಗೆ ತಿಳಿದುಕೊಳ್ಳೋಣ.

ಏನಿವು, ಬುದ್ಧಿಯೇತರ ಕೌಶಲಗಳು?

ಒಂದು ಲೆಕ್ಕ ಬರದಿದ್ದಾಗ ಇನ್ನೊಮ್ಮೆ ಪ್ರಯತ್ನಿಸುವ ಛಲ. ಆಟದ ಸದ್ದು ಕೇಳಿದರೂ ಪುಸ್ತಕದ ಮೇಲೆ ಗಮನ ಇಡುವ ಏಕಾಗ್ರತೆ. ಸಿಟ್ಟು, ಅಳು, ಭಯ ಬಂದಾಗ ಅದನ್ನು ಹತೋಟಿಗೆ ತಂದುಕೊಳ್ಳುವ ಸಂಯಮ. ಇಂದಿನ ಸಣ್ಣ ಸುಖವನ್ನು ನಾಳೆಯ ದೊಡ್ಡ ಲಾಭಕ್ಕಾಗಿ ಮುಂದೂಡುವ ತಾಳ್ಮೆ. ಗೊತ್ತಾಗದಿದ್ದರೆ ಕೈ ಎತ್ತಿ ಕೇಳುವ ಧೈರ್ಯ. ಜೊತೆಯವರೊಂದಿಗೆ ಹೊಂದಿಕೊಳ್ಳುವ ಸ್ವಭಾವ. ‘ನನ್ನಿಂದ ಆಗುತ್ತದೆ’ ಎಂಬ ಆತ್ಮವಿಶ್ವಾಸ. ಇವನ್ನೆಲ್ಲ ಒಟ್ಟಾಗಿ ಬುದ್ಧಿಯೇತರ ಕೌಶಲಗಳು ಎನ್ನುತ್ತಾರೆ. ಪರೀಕ್ಷೆಯಲ್ಲಿ ಇವಕ್ಕೆ ಅಂಕ ಇಲ್ಲ. ಆದರೆ ಅಂಕ ಬರುವುದಕ್ಕೆ ಇವು ಬೇಕು.

ಇವು ಹುಟ್ಟಿನಿಂದ ಬರುವ ಗುಣಗಳು, ಕೆಲವರಿಗೆ ಇರುತ್ತವೆ, ಕೆಲವರಿಗೆ ಇರುವುದಿಲ್ಲ ಎಂದು ನೀವು ತಿಳಿದಿರಬಹುದು. ಅದು ಪೂರ್ತಿ ಸರಿಯಲ್ಲ. ಸ್ವಭಾವದಲ್ಲಿ ವ್ಯತ್ಯಾಸ ಇರುವುದು ನಿಜ. ಆದರೆ ಸಂಯಮ, ಗಮನಗಳನ್ನು ನಿಯಂತ್ರಿಸುವ ಮಿದುಳಿನ ಮುಂಭಾಗ ಹುಟ್ಟಿದಾಗ ತೀರ ಅಪಕ್ವವಾಗಿರುತ್ತದೆ. ಇಪ್ಪತ್ತು ದಾಟುವವರೆಗೂ ಅದು ಬೆಳೆಯುತ್ತಲೇ ಇರುತ್ತದೆ. ಅದು ಹೇಗೆ ಬೆಳೆಯುತ್ತದೆ ಎಂಬುದು ಮಗುವಿನ ಸುತ್ತಲಿನ ಬದುಕನ್ನು ಬಹಳಮಟ್ಟಿಗೆ ಅವಲಂಬಿಸಿದೆ. ನಡೆಯಲು, ಮಾತಾಡಲು ಕಲಿಯುವಂತೆ ತಾಳ್ಮೆಯನ್ನೂ ಮಗು ಕಲಿಯುತ್ತದೆ.

ಒಂದು ಶಿಶುವಿಹಾರದ ಕಥೆ

ಅಮೆರಿಕದ ಮಿಷಿಗನ್ ರಾಜ್ಯದಲ್ಲಿ ಇಪ್ಸಿಲಾಂಟಿ ಎಂಬ ಪುಟ್ಟ ಊರಿದೆ. ಅಲ್ಲಿಯ ಪೆರಿ ಎಂಬ ಶಾಲೆಯಲ್ಲಿ 1962ರಿಂದ 1967ರವರೆಗೆ ಒಂದು ಪ್ರಯೋಗ ನಡೆಯಿತು. ಬಡ ಕರಿಯ ಕುಟುಂಬಗಳ 123 ಮಕ್ಕಳನ್ನು ಎರಡು ಗುಂಪು ಮಾಡಿದರು. ಮೂರು, ನಾಲ್ಕು ವರ್ಷದ 58 ಮಕ್ಕಳಿಗೆ ದಿನಾ ಬೆಳಿಗ್ಗೆ ಎರಡೂವರೆ ಗಂಟೆ ಶಿಶುವಿಹಾರ. ವಾರಕ್ಕೊಮ್ಮೆ ಶಿಕ್ಷಕಿ ಮನೆಗೇ ಹೋಗಿ ತಾಯಿ ಮತ್ತು ಮಗುವಿನೊಂದಿಗೆ ಒಂದೂವರೆ ಗಂಟೆ ಕಳೆಯುತ್ತಿದ್ದಳು. ಉಳಿದ 65 ಮಕ್ಕಳಿಗೆ ಇದು ಇರಲಿಲ್ಲ.

ಈ ಶಿಶುವಿಹಾರದಲ್ಲಿ ಅಕ್ಷರ ತಿದ್ದಿಸುವುದಕ್ಕಿಂತ ಬೇರೊಂದಕ್ಕೆ ಒತ್ತು. ಇವತ್ತು ಏನು ಮಾಡುತ್ತೀಯ ಎಂದು ಮಗುವೇ ಮೊದಲು ಹೇಳಬೇಕು. ಅದನ್ನು ಮಾಡಬೇಕು. ಆಮೇಲೆ ಏನು ಮಾಡಿದೆ, ಎಲ್ಲಿ ತೊಡಕಾಯಿತು ಎಂದು ಎಲ್ಲರ ಮುಂದೆ ಹೇಳಬೇಕು. ಯೋಚಿಸು, ಮಾಡು, ಹಿಂತಿರುಗಿ ನೋಡು. ಇಷ್ಟೇ ಪಾಠ.

ಮೊದಲಿಗೆ ಈ ಮಕ್ಕಳ ಐ.ಕ್ಯೂ., ಅಂದರೆ ಬುದ್ಧಿಸೂಚ್ಯಂಕ, ಏರಿತು. ಎಲ್ಲರಿಗೂ ಸಂತೋಷವಾಯಿತು. ಆದರೆ ಮಕ್ಕಳು ಎಂಟು, ಹತ್ತು ವರ್ಷದವರಾಗುವ ವೇಳೆಗೆ ಎರಡೂ ಗುಂಪುಗಳ ಸೂಚ್ಯಂಕ ಒಂದೇ ಆಗಿಬಿಟ್ಟಿತು. ಪ್ರಯೋಗ ಸೋತಿತೆಂದೇ ಹಲವರು ಭಾವಿಸಿದರು. ಆದರೂ ಸಂಶೋಧಕರು ಆ ಮಕ್ಕಳನ್ನು ಕೈಬಿಡದೆ ದಶಕಗಳ ಕಾಲ ಹಿಂಬಾಲಿಸಿದರು. ಅವರಿಗೆ 40 ವರ್ಷವಾದಾಗ ನೋಡಿದರೆ, ಶಿಶುವಿಹಾರಕ್ಕೆ ಹೋಗಿದ್ದವರಲ್ಲಿ 100ಕ್ಕೆ 77 ಮಂದಿ ಪ್ರೌಢ ಶಿಕ್ಷಣ ಮುಗಿಸಿದ್ದರು. ಹೋಗದವರಲ್ಲಿ 60 ಮಂದಿ. ಐದು ಅಥವಾ ಹೆಚ್ಚು ಬಾರಿ ಪೊಲೀಸರು ಬಂಧಿಸಿದ್ದವರು ಮೊದಲ ಗುಂಪಿನಲ್ಲಿ 100ಕ್ಕೆ 36, ಎರಡನೆಯದರಲ್ಲಿ 55. ಸಂಪಾದನೆಯಲ್ಲೂ ಮೊದಲ ಗುಂಪೇ ಮುಂದೆ.

ಬುದ್ಧಿಸೂಚ್ಯಂಕ ಹೆಚ್ಚಾಗಿ ಉಳಿಯದಿದ್ದ ಮೇಲೆ ಬದುಕು ಬದಲಾದದ್ದು ಯಾವುದರಿಂದ? ಅರ್ಥಶಾಸ್ತ್ರದಲ್ಲಿ 2000ದಲ್ಲಿ ನೊಬೆಲ್ ಪಡೆದ ಜೇಮ್ಸ್ ಹೆಕ್‌ಮನ್ ಮತ್ತು ಸಂಗಡಿಗರು 2013ರಲ್ಲಿ ಹಳೆಯ ದಾಖಲೆಗಳನ್ನೆಲ್ಲ ಮತ್ತೆ ಪರಿಶೀಲಿಸಿದರು. ಜಗಳಗಂಟಿತನ, ಸುಳ್ಳು, ನಿಯಮ ಮುರಿಯುವ ಚಟ ಕಡಿಮೆಯಾದದ್ದು, ಹೆಣ್ಣುಮಕ್ಕಳಲ್ಲಿ ಓದಿನ ಆಸಕ್ತಿ ಹೆಚ್ಚಿದ್ದು ಇದಕ್ಕೆ ಮುಖ್ಯ ಕಾರಣವೆಂದು ಅವರು ಕಂಡುಕೊಂಡರು. 123 ಮಕ್ಕಳೆಂದರೆ ಚಿಕ್ಕ ಸಂಖ್ಯೆ, ನಿಜ. ಆದರೂ ಎಳವೆಯಲ್ಲಿ ಕಲಿತ ಮನೋಗುಣಗಳು ಎಷ್ಟು ದೂರ ಬರುತ್ತವೆ ಎಂಬುದಕ್ಕೆ ಇದಕ್ಕಿಂತ ದೀರ್ಘ ಸಾಕ್ಷಿ ಹೆಚ್ಚಿಲ್ಲ.

ಮಿಠಾಯಿಯ ಪರೀಕ್ಷೆ ಹೇಳಿದ್ದೇನು?

ತಾಳ್ಮೆಯ ಮಾತು ಬಂದಾಗಲೆಲ್ಲ ಒಂದು ಪರೀಕ್ಷೆಯ ಹೆಸರು ಹೇಳುತ್ತಾರೆ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಶಿಶುವಿಹಾರದಲ್ಲಿ 1960ರ ದಶಕದ ಕೊನೆಯಿಂದ ವಾಲ್ಟರ್ ಮಿಶೆಲ್ ಎಂಬ ಮನೋವಿಜ್ಞಾನಿ ಇದನ್ನು ನಡೆಸಿದರು. ಮಗುವಿನ ಮುಂದೆ ಒಂದು ಮಿಠಾಯಿ. ‘ನಾನು ಹೊರಗೆ ಹೋಗಿ ಬರುವವರೆಗೆ ತಿನ್ನದೆ ಕಾದರೆ ಎರಡು ಕೊಡುತ್ತೇನೆ’ ಎಂಬ ಮಾತು. ಹೆಚ್ಚು ಹೊತ್ತು ಕಾದ ಮಕ್ಕಳು ದೊಡ್ಡವರಾದ ಮೇಲೆ ಪರೀಕ್ಷೆಗಳಲ್ಲಿ ಹೆಚ್ಚು ಅಂಕ ಪಡೆದರೆಂದು 1990ರಲ್ಲಿ ವರದಿಯಾಯಿತು. ಇದನ್ನು ಓದಿದ ಅನೇಕರು, ತಾಳ್ಮೆ ಇದ್ದವರು ಗೆಲ್ಲುತ್ತಾರೆ, ಇಲ್ಲದವರು ಸೋಲುತ್ತಾರೆ ಎಂದು ಷರಾ ಬರೆದುಬಿಟ್ಟರು. ಬಡವರು ಬಡವರಾಗಿರುವುದು ಅವರ ತಾಳ್ಮೆಗೇಡಿತನದಿಂದ ಎನ್ನುವವರೂ ಹುಟ್ಟಿಕೊಂಡರು.

ಆದರೆ ಆ ಶಿಶುವಿಹಾರದ ಮಕ್ಕಳಲ್ಲಿ ಬಹುಪಾಲು ವಿಶ್ವವಿದ್ಯಾಲಯದ ಆವರಣದ ಅನುಕೂಲಸ್ಥರ ಮಕ್ಕಳು. 2018ರಲ್ಲಿ ಬೇರೆ ಸಂಶೋಧಕರು ಎಲ್ಲ ವರ್ಗಗಳ 900ಕ್ಕೂ ಹೆಚ್ಚು ಮಕ್ಕಳ ದಾಖಲೆ ಹಿಡಿದು ನೋಡಿದಾಗ ಕಾಯುವಿಕೆಗೂ ಅಂಕಗಳಿಗೂ ಇದ್ದ ಸಂಬಂಧ ಸಣ್ಣದೆಂದು ತಿಳಿಯಿತು. ಮನೆಯ ಸ್ಥಿತಿ ಮತ್ತು ಮಗುವಿನ ಮೊದಲಿನ ಕಲಿಕೆಯನ್ನು ಲೆಕ್ಕಕ್ಕೆ ತೆಗೆದುಕೊಂಡಾಗ ಅದೂ ಬಹುಪಾಲು ಕರಗಿಹೋಯಿತು.

ಇದಕ್ಕೂ ಮೊದಲು, 2013ರಲ್ಲಿ, ರಾಚೆಸ್ಟರ್ ವಿಶ್ವವಿದ್ಯಾಲಯದ ಸಂಶೋಧಕರು ಪ್ರಕಟಿಸಿದ ಪ್ರಯೋಗ ಇನ್ನೂ ಸ್ವಾರಸ್ಯಕರ. ಅವರು ಮಿಠಾಯಿ ಕೊಡುವ ಮುನ್ನ 28 ಮಕ್ಕಳಿಗೆ ಚಿತ್ರ ಬರೆಯಲು ಕೊಟ್ಟರು. ‘ಸ್ವಲ್ಪ ತಡಿ, ಒಳ್ಳೆಯ ಬಣ್ಣ ತಂದುಕೊಡುತ್ತೇನೆ’ ಎಂದರು. ಅರ್ಧ ಮಕ್ಕಳಿಗೆ ಹೇಳಿದಂತೆ ತಂದುಕೊಟ್ಟರು. ಉಳಿದರ್ಧ ಮಕ್ಕಳಿಗೆ ‘ಕ್ಷಮಿಸು, ಬಣ್ಣ ಇಲ್ಲ’ ಎಂದು ಕೈಯಾಡಿಸಿದರು. ಅಂಟಿಸುವ ಚಿತ್ರಗಳ ವಿಷಯದಲ್ಲೂ ಹೀಗೇ ಮಾಡಿದರು. ಆಮೇಲೆ ಮಿಠಾಯಿಯ ಪರೀಕ್ಷೆ. ಮಾತು ಉಳಿಸಿಕೊಂಡವರ ಮುಂದೆ ಮಕ್ಕಳು ಸರಾಸರಿ 12 ನಿಮಿಷ ಕಾದರು. ಮಾತು ತಪ್ಪಿದವರ ಮುಂದೆ ಕಾದದ್ದು ಬರೀ 3 ನಿಮಿಷ. ಅವೇ ವಯಸ್ಸಿನ, ಅದೇ ಊರಿನ ಮಕ್ಕಳು. ಬದಲಾದದ್ದು ಎದುರಿಗಿದ್ದ ದೊಡ್ಡವರ ನಡತೆ ಮಾತ್ರ.

ಮಗುವಿನ ತಾಳ್ಮೆ ಎಂದು ನಾವು ಕರೆಯುವುದರಲ್ಲಿ ಒಂದು ದೊಡ್ಡ ಪಾಲು, ದೊಡ್ಡವರ ಮಾತಿನ ಮೇಲೆ ಮಗುವಿಗಿರುವ ನಂಬಿಕೆ. ಈ ಲೇಖನದಲ್ಲಿ ನೀವು ಒಂದನ್ನು ಮಾತ್ರ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ.

ಬಡತನ ಮಾತು ತಪ್ಪಿಸುತ್ತದೆ

ಈಗ ನಮ್ಮ ಮನೆಗಳ ಕಡೆ ಬನ್ನಿ. ‘ಸಂಬಳ ಆದ ದಿನ ಕಂಪಾಸ್ ಪೆಟ್ಟಿಗೆ ತರ್ತೀನಿ’ ಎಂದು ತಂದೆ ಹೇಳಿರುತ್ತಾನೆ. ಸಂಬಳ ಬರುವ ಹೊತ್ತಿಗೆ ಅಜ್ಜಿಗೆ ಕಾಯಿಲೆ. ಹಣ ಆಸ್ಪತ್ರೆಗೆ ಹೋಗುತ್ತದೆ. ‘ಜಾತ್ರೆಗೆ ಹೋಗೋಣ’ ಎಂದ ತಾಯಿಗೆ ಅಂದೇ ಹೆಚ್ಚುವರಿ ಪಾಳಿ ಬೀಳುತ್ತದೆ. ತಂದೆತಾಯಿ ಸುಳ್ಳುಗಾರರಲ್ಲ. ಅವರ ಬಾಯಿಂದ ಬಂದ ಮಾತನ್ನು ಬಡತನ ಮುರಿದುಹಾಕುತ್ತದೆ. ಹತ್ತಾರು ಸಲ ಹೀಗಾದ ಮೇಲೆ ಮಗು ಒಂದು ಪಾಠ ಕಲಿಯುತ್ತದೆ: ಕೈಯಲ್ಲಿರುವುದನ್ನು ಈಗಲೇ ತಿಂದುಬಿಡಬೇಕು, ನಾಳೆಯನ್ನು ನಂಬಬಾರದು. ಅದರ ಬದುಕಿಗೆ ಅದು ಜಾಣತನವೇ. ಆದರೆ ‘ಈಗ ಓದು, ಹತ್ತು ವರ್ಷ ಬಿಟ್ಟು ಫಲ ಸಿಗುತ್ತದೆ’ ಎನ್ನುವ ಶಾಲೆಗೆ ಅದು ಒಗ್ಗುವುದಿಲ್ಲ.

ದೊಡ್ಡವರ ಮನಸ್ಸಿಗೂ ಬಡತನ ಭಾರವೇ. ತಮಿಳುನಾಡಿನ ವಿಳುಪ್ಪುರಂ ಮತ್ತು ತಿರುವಣ್ಣಾಮಲೈ ಭಾಗದ 464 ಕಬ್ಬು ಬೆಳೆಗಾರರನ್ನು ಸಂಶೋಧಕರು ಕಟಾವಿನ ಮೊದಲು ಕೈ ಬರಿದಾಗಿದ್ದಾಗ ಒಮ್ಮೆ, ಕಟಾವಾಗಿ ಹಣ ಬಂದಾಗ ಇನ್ನೊಮ್ಮೆ ಪರೀಕ್ಷಿಸಿದರು. ಗಮನ ಮತ್ತು ತರ್ಕದ ಅವೇ ಪರೀಕ್ಷೆಗಳಲ್ಲಿ ಅದೇ ರೈತರು ಹಣದ ಚಿಂತೆ ಇದ್ದಾಗ ಹಿಂದೆ ಬಿದ್ದರು. 2013ರಲ್ಲಿ ಇದು ಪ್ರಕಟವಾಯಿತು. ಬಲಿತ ರೈತರಿಗೇ ಹೀಗಾದರೆ ಎಳೆಯ ಮಗುವಿನ ಪಾಡೇನು?

ಮನೆಯಲ್ಲಿ ಜಗಳ, ಸಾಲಗಾರರ ಕೂಗು, ಕುಡಿತ, ಆಗಾಗ ಮನೆ ಬದಲಾಯಿಸುವುದು ಇವು ಮಗುವಿನ ದೇಹವನ್ನು ಸದಾ ಎಚ್ಚರದ ಸ್ಥಿತಿಯಲ್ಲಿಡುತ್ತವೆ. ಕಾರ್ಟಿಸಾಲ್ ಮುಂತಾದ ಒತ್ತಡದ ಹಾರ್ಮೋನುಗಳ ಏರಿಳಿತ ಹದ ತಪ್ಪುತ್ತದೆ. ಅಪಾಯಕ್ಕೆ ಕಿವಿಗೊಟ್ಟು ಕುಳಿತ ಮನಸ್ಸು ಪಾಠಕ್ಕೆ ಕಿವಿಗೊಡುವುದು ಕಷ್ಟ. ಸಣ್ಣ ಮಾತಿಗೂ ರೇಗುವುದು, ಬೆಚ್ಚುವುದು, ಒಂದೆಡೆ ಕೂರಲಾರದಿರುವುದು ಇವು ಎಷ್ಟೋ ಸಲ ಶಿಸ್ತಿನ ಕೊರತೆಯಲ್ಲ, ಒತ್ತಡದ ಲಕ್ಷಣಗಳು.

ಮೊದಲು ದೇಹ ನೋಡಿ

ಗಮನವಿಲ್ಲ, ಸೋಮಾರಿ ಎಂದು ಬೈಯುವ ಮುನ್ನ ಕೆಳಗಿನ ಐದು ವಿಷಯಗಳನ್ನು ಪರೀಕ್ಷಿಸಿ.

1. ರಕ್ತಹೀನತೆ: 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದಲ್ಲಿ ಐದು ವರ್ಷದೊಳಗಿನ 100 ಮಕ್ಕಳಲ್ಲಿ 67 ಮಕ್ಕಳಿಗೆ ರಕ್ತಹೀನತೆ ಇತ್ತು. ಕಬ್ಬಿಣಾಂಶ ಕಡಿಮೆಯಾದರೆ ಸುಸ್ತು, ಕಿರಿಕಿರಿ, ಗಮನದ ಕೊರತೆ ಬರುತ್ತವೆ. ಸೊಪ್ಪು, ರಾಗಿ, ಕಾಳು, ಬೆಲ್ಲ ಕೊಡಿ. ಊಟಕ್ಕೆ ನಿಂಬೆರಸ ಹಿಂಡಿದರೆ ಕಬ್ಬಿಣಾಂಶ ಚೆನ್ನಾಗಿ ಹೀರಲ್ಪಡುತ್ತದೆ. ಊಟದ ಜೊತೆಗೆ ಟೀ, ಕಾಫಿ ಬೇಡ. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ಕಬ್ಬಿಣದ ಮಾತ್ರೆಯನ್ನು ತಪ್ಪಿಸಬೇಡಿ.

2. ಜಂತುಹುಳು: ಶಾಲೆ ಮತ್ತು ಅಂಗನವಾಡಿಗಳಲ್ಲಿ ಕೊಡುವ ಜಂತುಹುಳು ಮಾತ್ರೆ ನುಂಗಿಸಿ.

3. ಕಣ್ಣು, ಕಿವಿ: ಕಪ್ಪುಹಲಗೆ ಕಾಣದ ಮಗು ತಂಟೆ ಮಾಡುತ್ತದೆ. ಕಿವಿ ಸೋರುವ ಮಗು ‘ಹೇಳಿದ ಮಾತು ಕೇಳುವುದಿಲ್ಲ’ ಎನಿಸಿಕೊಳ್ಳುತ್ತದೆ. ಶಾಲೆಗೆ ಬರುವ ಆರೋಗ್ಯ ತಪಾಸಣಾ ತಂಡದ ಮುಂದೆ ಇದನ್ನು ಹೇಳಿ.

4. ಬೆಳಗಿನ ತಿಂಡಿ: ಬರೀ ಟೀ, ಬಿಸ್ಕತ್ತಿನಲ್ಲಿ ಮಧ್ಯಾಹ್ನದ ಬಿಸಿಯೂಟದವರೆಗೆ ಕಾಯುವ ಮಕ್ಕಳು ಬಹಳ. ರಾತ್ರಿಯ ಮುದ್ದೆ, ಅನ್ನ ಉಳಿದಿದ್ದರೆ ಮಜ್ಜಿಗೆಯೊಂದಿಗೆ ಕೊಟ್ಟರೂ ಆದೀತು, ಆದರೆ ಕೆಟ್ಟಿರಬಾರದು.

5. ನಿದ್ದೆ: 6ರಿಂದ 12 ವರ್ಷದ ಮಗುವಿಗೆ ದಿನಕ್ಕೆ 9ರಿಂದ 12 ಗಂಟೆ ನಿದ್ದೆ ಬೇಕು. ಒಂದೇ ಕೋಣೆಯ ಮನೆಯಾದರೆ ಮಗು ಮಲಗಿದ ಮೇಲೆ ಟಿ.ವಿ., ಮೊಬೈಲ್ ಸದ್ದು ನಿಲ್ಲಿಸಿ.

ಮನೆಯಲ್ಲಿ ನೀವೇನು ಮಾಡಬಹುದು?

* ಸಣ್ಣ ಮಾತು ಕೊಡಿ, ಅದನ್ನು ಉಳಿಸಿಕೊಳ್ಳಿ. ಕಾಸು ಬೇಡದ ಮಾತುಗಳು ಎಷ್ಟೋ ಇವೆ. ‘ಪಾತ್ರೆ ತೊಳೆದ ಮೇಲೆ ನಿನ್ನ ಪಾಠ ಕೇಳುತ್ತೇನೆ’, ‘ಭಾನುವಾರ ತಲೆಗೆ ಎಣ್ಣೆ ಹಚ್ಚುತ್ತೇನೆ’. ಹೇಳಿದ್ದನ್ನು ಹೇಳಿದ ಹೊತ್ತಿಗೆ ಮಾಡಿ. ಆಗದಿದ್ದರೆ ಕಾರಣ ಹೇಳಿ, ಬದಲಿಗೆ ಯಾವಾಗ ಎಂದು ತಿಳಿಸಿ. ನಿಮಗೆ ಅಕ್ಷರ ಬರದಿದ್ದರೂ ಚಿಂತೆಯಿಲ್ಲ. ಮಗು ಓದುವಾಗ ಪಕ್ಕದಲ್ಲಿ ಕುಳಿತರೆ ಸಾಕು.

* ಒಂದು ಹೊತ್ತು, ಒಂದು ಜಾಗ ಗೊತ್ತು ಮಾಡಿ. ಮೂಲೆಯ ಚಾಪೆಯಾದರೂ ಸರಿ. ಹತ್ತು ನಿಮಿಷ ಕೂರುವ ಮಗುವಿಗೆ ಹತ್ತು ನಿಮಿಷದ ಕೆಲಸವನ್ನೇ ಕೊಡಿ. ಮುಗಿಸಿದ ಮೇಲೆ ಎದ್ದು ಓಡಾಡಲಿ. ವಾರಕ್ಕೆ ಎರಡು ನಿಮಿಷ ಹೆಚ್ಚಿಸುತ್ತ ಹೋಗಿ.

* ಬುದ್ಧಿಯನ್ನಲ್ಲ, ಶ್ರಮವನ್ನು ಹೊಗಳಿ. 1998ರಲ್ಲಿ ಪ್ರಕಟವಾದ ಮುಲ್ಲರ್ ಮತ್ತು ಕ್ಯಾರಲ್ ಡ್ವೆಕ್ ಅವರ ಪ್ರಯೋಗಗಳಲ್ಲಿ ‘ನೀನು ಬುದ್ಧಿವಂತ’ ಎಂದು ಹೊಗಳಿಸಿಕೊಂಡ ಐದನೆಯ ತರಗತಿಯ ಮಕ್ಕಳು ಒಮ್ಮೆ ಸೋತ ಕೂಡಲೇ ಕುಗ್ಗಿದರು. ‘ಚೆನ್ನಾಗಿ ಪ್ರಯತ್ನಪಟ್ಟೆ’ ಎನ್ನಿಸಿಕೊಂಡವರು ಕಷ್ಟದ ಲೆಕ್ಕಗಳನ್ನೂ ಬಿಡದೆ ಹಿಡಿದರು.

* ಸಿಟ್ಟಿಗೆ ಹೆಸರು ಕೊಡಿ. ‘ಲೆಕ್ಕ ಬರಲಿಲ್ಲ ಅಂತ ಬೇಜಾರಾಗಿದೆ ಅಲ್ಲವೇ?’ ಎಂದು ಕೇಳಿದರೆ ಮಗುವಿಗೆ ತನ್ನ ಮನಸ್ಸು ತನಗೆ ತಿಳಿಯುತ್ತದೆ. ಹೊಡೆದರೆ ಕಲಿಯುವುದು ಒಂದೇ: ಸಿಟ್ಟು ಬಂದಾಗ ಹೊಡೆಯಬಹುದು ಎಂದು.

* ಆಟಕ್ಕೆ ಬಿಡಿ. ಚೌಕಾಬಾರ, ಅಳಿಗುಳಿಮಣೆ, ಕುಂಟೆಬಿಲ್ಲೆ, ಕಬಡ್ಡಿ ಎಲ್ಲದರಲ್ಲೂ ತನ್ನ ಸರದಿಗೆ ಕಾಯಬೇಕು, ನಿಯಮ ಪಾಲಿಸಬೇಕು, ಸೋತರೂ ನಾಳೆ ಮತ್ತೆ ಬರಬೇಕು. ಇದಕ್ಕಿಂತ ಒಳ್ಳೆಯ ಸಂಯಮದ ಪಾಠ ಇನ್ನೊಂದಿಲ್ಲ.

ಮೂರು ವರ್ಷದೊಳಗಿನ ಕೂಸಿದ್ದರೆ ಇನ್ನೂ ಒಳ್ಳೆಯದು. ಜಮೈಕಾದ ಕಿಂಗ್‌ಸ್ಟನ್ ನಗರದಲ್ಲಿ 1986-87ರಲ್ಲಿ ಬೆಳವಣಿಗೆ ಕುಂಠಿತವಾದ 129 ಬಡ ಕೂಸುಗಳ ಅಧ್ಯಯನ ಆರಂಭವಾಯಿತು. ಕೆಲವು ಮನೆಗಳಿಗೆ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷ ಕಾಲ ವಾರಕ್ಕೊಂದು ಗಂಟೆ ಹೋಗಿ, ಮನೆಯಲ್ಲೇ ಮಾಡಿದ ಆಟಿಕೆಗಳಿಂದ ಮಗುವನ್ನು ಆಡಿಸುವುದು, ಅದರೊಂದಿಗೆ ಮಾತಾಡುವುದನ್ನು ತಾಯಂದಿರಿಗೆ ತೋರಿಸಿಕೊಟ್ಟರು. ಹದಿನೇಳು, ಹದಿನೆಂಟು ವರ್ಷವಾದಾಗ ಆ ಮಕ್ಕಳಲ್ಲಿ ಆತಂಕ, ಖಿನ್ನತೆ ಕಡಿಮೆ ಇದ್ದವು. ಇಪ್ಪತ್ತು ವರ್ಷಗಳ ನಂತರ ಅವರ ಗಳಿಕೆ ಉಳಿದವರಿಗಿಂತ ಶೇಕಡ 25ರಷ್ಟು ಹೆಚ್ಚಿತ್ತು. ತೆಂಗಿನ ಚಿಪ್ಪು, ಖಾಲಿ ಡಬ್ಬಿ, ಬಣ್ಣದ ಬಟ್ಟೆ ಚೂರು ನಮ್ಮಲ್ಲೂ ಇವೆ.

ಶಿಕ್ಷಕರಿಗೆ ಒಂದು ಮಾತು

ಮಗುವಿನ ದಿನದಲ್ಲಿ ಹೊತ್ತಿಗೆ ಸರಿಯಾಗಿ ನಡೆಯುವ ಒಂದೇ ಜಾಗ ಎಷ್ಟೋ ಸಲ ಶಾಲೆಯೇ ಆಗಿರುತ್ತದೆ. ಹೆಸರು ಹಿಡಿದು ಕರೆಯಿರಿ. ತಡವಾಗಿ ಬಂದರೆ ಎಲ್ಲರೆದುರು ನಿಲ್ಲಿಸದೆ ಪಕ್ಕಕ್ಕೆ ಕರೆದು ಕಾರಣ ಕೇಳಿ. ನೀರು ಹಿಡಿದು, ತಂಗಿಯನ್ನು ಅಂಗನವಾಡಿಗೆ ಬಿಟ್ಟು ಬಂದಿರಬಹುದು. ನೋಟ್ಸ್ ತಿದ್ದಿ ನಾಳೆ ಕೊಡುತ್ತೇನೆ ಎಂದರೆ ನಾಳೆಯೇ ಕೊಡಿ. ಶಾಲೆಯಲ್ಲಿ ಹೊಡೆಯುವುದನ್ನೂ ಮಾನಸಿಕ ಹಿಂಸೆಯನ್ನೂ 2009ರ ಶಿಕ್ಷಣ ಹಕ್ಕು ಕಾಯ್ದೆ ನಿಷೇಧಿಸಿದೆ. ‘ದಡ್ಡ’ ಎನ್ನುವುದೂ ಒಂದು ಪೆಟ್ಟೇ.

ಇನ್ನೊಂದು ಎಚ್ಚರಿಕೆಯೂ ಅಗತ್ಯ. ಛಲ, ಶಿಸ್ತುಗಳ ಬಗ್ಗೆ ಭಾಷಣ ಮಾಡಿ ಮಕ್ಕಳನ್ನು ಬದಲಾಯಿಸಲಾಗದು. ಈ ಗುಣಗಳು ಅನ್ನದ, ಒಳ್ಳೆಯ ಪಾಠದ ಬದಲಿಗೆ ನಿಲ್ಲುವುದೂ ಇಲ್ಲ. ಸೋತ ಮಗುವಿಗೆ ‘ನಿನಗೆ ಛಲ ಸಾಲದು’ ಎನ್ನುವುದು ‘ನಿನಗೆ ಬುದ್ಧಿ ಸಾಲದು’ ಎಂದ ಹಾಗೆಯೇ. ಎರಡೂ ತಪ್ಪನ್ನು ಮಗುವಿನ ತಲೆಗೇ ಕಟ್ಟುತ್ತವೆ.

ವೈದ್ಯರ ಸಲಹೆ ಯಾವಾಗ?

ಮಗು ವಾರಗಟ್ಟಲೆ ಮಂಕಾಗಿದ್ದರೆ, ಶಾಲೆಯ ಹೆಸರೆತ್ತಿದರೆ ಹೊಟ್ಟೆನೋವು, ವಾಂತಿ ಎಂದರೆ, ನಿಂತಿದ್ದ ಹಾಸಿಗೆ ಒದ್ದೆ ಮಾಡುವ ಅಭ್ಯಾಸ ಮತ್ತೆ ಶುರುವಾದರೆ, ತನಗೋ ಇತರರಿಗೋ ಗಾಯ ಮಾಡಿಕೊಳ್ಳುತ್ತಿದ್ದರೆ ತಡಮಾಡಬೇಡಿ. ಎಷ್ಟು ಕಲಿಸಿದರೂ ಅಕ್ಷರಗಳು ಅದಲುಬದಲಾಗುತ್ತಿದ್ದರೆ ಅದು ಕಲಿಕೆಯ ನ್ಯೂನತೆ ಇರಬಹುದು. ಅದಕ್ಕೆ ಬೇರೆ ತರಬೇತಿ ಬೇಕು. ಹತ್ತಿರದ ಸರ್ಕಾರಿ ಆಸ್ಪತ್ರೆ, ಜಿಲ್ಲಾ ಆಸ್ಪತ್ರೆಯ ಮಾನಸಿಕ ಆರೋಗ್ಯ ವಿಭಾಗ ಅಥವಾ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತೋರಿಸಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಿ ಸಲಹೆ ಪಡೆಯಬಹುದು.

ಕೊನೆಗೆ, ಟಾನಿಕ್ ಕೇಳಿದ ತಾಯಿಯ ಬಳಿಗೆ ಮತ್ತೆ ಬರೋಣ. ಐದಾರು ಸಾಮಾನು ನೆನಪಿಟ್ಟುಕೊಳ್ಳುವುದಕ್ಕೆ ಏಕಾಗ್ರತೆ ಬೇಕು. ತಂಗಿಯನ್ನು ಸಂಭಾಳಿಸುವುದಕ್ಕೆ ತಾಳ್ಮೆ ಬೇಕು. ಅವು ಅವನಲ್ಲಿ ಆಗಲೇ ಇವೆ. ಅಂಗಡಿಯಲ್ಲಿ ಕಾಸು ಕೊಟ್ಟ ಕೂಡಲೇ ಸಾಮಾನು ಸಿಗುತ್ತದೆ. ತಂಗಿಯನ್ನು ಎತ್ತಿಕೊಂಡರೆ ಅಳು ನಿಲ್ಲುತ್ತದೆ. ಪುಸ್ತಕ ಮಾತ್ರ ಏನನ್ನೂ ಕೂಡಲೇ ಕೊಡುವುದಿಲ್ಲ. ಅದು ಕೊಡುವವರೆಗೆ ಕಾಯಲು ಅವನಿಗೆ ನಂಬಬಹುದಾದ ಒಬ್ಬ ದೊಡ್ಡವರು ಪಕ್ಕದಲ್ಲಿರಬೇಕು. ಇವತ್ತು ರಾತ್ರಿ ಪಾತ್ರೆ ತೊಳೆದ ಮೇಲೆ ಹತ್ತು ನಿಮಿಷ ಅವನ ಜೊತೆ ಕುಳಿತುಕೊಳ್ಳಿ. ನಾಳೆಯೂ ಕುಳಿತುಕೊಳ್ಳುತ್ತೇನೆಂದು ಹೇಳಿ, ನಾಳೆಯೂ ಕುಳಿತುಕೊಳ್ಳಿ.